ಗಟ್ಟಿ ಲೋಹದೊಳಗೆ ಹೈಡ್ರೋಜನ್ ಹೇಗೆ ಹಿಡಿಸುತ್ತದೆ?

ಪ್ರಶ್ನೆ: ಹೈಡ್ರೋಜನ್ ಇಂಧನವನ್ನು ಲೋಹದ ಪುಡಿಯಲ್ಲಿ ತುಂಬಿಡಬಹುದೆಂದು ಓದಿದೆ. ಗಟ್ಟಿ ಲೋಹದೊಳಗೆ ಅನಿಲ ಹೇಗೆ ಹಿಡಿಸುತ್ತದೆ? ನಮ್ಮ ಬೈತಖೋಲ ಬಂದರಿನ ಮೀನುಗಾರಿಕೆ ಬೋಟುಗಳಿಗೆ ಅದು ಒದಗೀತೇ?
— ಕಾರವಾರದ ಓದುಗರೊಬ್ಬರು

ಉತ್ತರ: ಮಳೆಗಾಲದಲ್ಲಿ ಚಿರೆಕಲ್ಲಿನ ಗೋಡೆ ನೀರು ಕುಡಿಯುವುದನ್ನು ಕಂಡ ಕರಾವಳಿಯವರಿಗೆ ಇದೂ ಹಾಗೆಯೇ ಇರಬೇಕು ಎನಿಸುವುದು ಸಹಜ. ಆದರೆ ಕಲ್ಲಿನ ರಂಧ್ರಗಳಲ್ಲಿ ನೀರು ನೀರಾಗಿಯೇ ಉಳಿಯುತ್ತದೆ, ಲೋಹದಲ್ಲಿ ಹಾಗಲ್ಲ. ಎರಡು ಪರಮಾಣುಗಳ ಜೋಡಿಯಾದ ಹೈಡ್ರೋಜನ್ ಅಣು ಲೋಹದ ಮೈಗೆ ತಾಗಿ ಒಡೆಯುತ್ತದೆ, ಬಿಡಿಬಿಡಿಯಾದ ಪರಮಾಣುಗಳು ಲೋಹದ ಪರಮಾಣುಗಳ ನಡುವಿನ ಸಂದುಗಳಿಗೆ ಇಳಿದು ಅಲ್ಲಿಯೇ ಬಂಧ ಬೆಳೆಸುತ್ತವೆ. ಹೀಗಾದ ವಸ್ತುವೇ ಲೋಹ ಹೈಡ್ರೈಡ್. ಪಲೇಡಿಯಮ್ ತನ್ನ ಗಾತ್ರದ ನೂರಾರು ಪಟ್ಟು ಹೈಡ್ರೋಜನ್ ಹೀರುವುದನ್ನು ರಸಾಯನವಿಜ್ಞಾನಿ ಥಾಮಸ್ ಗ್ರಹಾಂ 1866ರಷ್ಟು ಹಿಂದೆಯೇ ಗುರುತಿಸಿದ್ದರು.

ಸಾಮಾನ್ಯ ಒತ್ತಡದಲ್ಲಿ ಒಂದು ಕಿಲೋ ಹೈಡ್ರೋಜನ್‌ಗೆ ಸುಮಾರು 11,000 ಲೀಟರ್ ಜಾಗ ಬೇಕು. 700 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಒತ್ತಡ ಹೇರಿದರೆ ಅದು 25 ಲೀಟರಿಗೆ, ಮೈನಸ್ 253 ಡಿಗ್ರಿಗೆ ತಣಿಸಿ ದ್ರವವಾಗಿಸಿದರೆ 14 ಲೀಟರಿಗೆ ಇಳಿಯುತ್ತದೆ. ಲ್ಯಾಂಥನಮ್ ಮತ್ತು ನಿಕಲ್‌ಗಳ ಮಿಶ್ರಲೋಹವಾದರೋ, ಪುಡಿಯ ನಡುವಿನ ಖಾಲಿ ಜಾಗವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಕೆಲವೇ ಬಾರ್ ಒತ್ತಡದಲ್ಲಿ, ಕೋಣೆಯ ಬಿಸಿಯಲ್ಲಿಯೇ, ಅದನ್ನು ಸುಮಾರು 9 ಲೀಟರಿನಲ್ಲಿ ಹಿಡಿದಿಡುತ್ತದೆ.

ತೊಡಕೆಂದರೆ ತೂಕ. ಈ ಮಿಶ್ರಲೋಹ ಹಿಡಿಯುವ ಹೈಡ್ರೋಜನ್ ತೂಕದಲ್ಲಿ ಶೇ. 1.4ರಷ್ಟು ಮಾತ್ರ, 5 ಕಿಲೋ ಅನಿಲಕ್ಕೆ 350 ಕಿಲೋಗೂ ಮಿಕ್ಕಿದ ಲೋಹ ಹೊರಬೇಕು. ಮೆಗ್ನೀಸಿಯಮ್ ಶೇ. 7.6ರಷ್ಟು ಹಿಡಿಯುತ್ತದೆ, ಆದರೆ ಬಿಡಲೊಲ್ಲದು: ಸುಮಾರು 300 ಡಿಗ್ರಿ ಕಾಯಿಸಿದರೆ ಮಾತ್ರ ಅನಿಲ ಹೊರಬರುತ್ತದೆ.

ನನ್ನ ದೃಷ್ಟಿಯಲ್ಲಿ ಸಂಶೋಧನೆಯ ತಿರುಳಿರುವುದು ಈ ಶಾಖದಲ್ಲಿ. ಹೈಡ್ರೋಜನ್ ಒಳಹೋಗುವಾಗ ಶಾಖ ಹೊರಬೀಳುತ್ತದೆ, ಹೊರಬರುವಾಗ ಅಷ್ಟೇ ಶಾಖವನ್ನು ಬೇಡುತ್ತದೆ. ಲ್ಯಾಂಥನಮ್-ನಿಕಲ್ ಪುಡಿಗೆ ಐದೇ ನಿಮಿಷದಲ್ಲಿ 5 ಕಿಲೋ ತುಂಬಲು ಹೊರಟರೆ ಸುಮಾರು 250 ಇಸ್ತ್ರಿಪೆಟ್ಟಿಗೆಗಳು ಒಟ್ಟಿಗೆ ಕಾಯುವಷ್ಟು ಬಿಸಿಯನ್ನು ಸಾಗಿಸಬೇಕಾಗುತ್ತದೆ. ಅದೂ ಅನಿಲ ಹೀರಿದಾಗ ಸುಮಾರು ಕಾಲುಭಾಗ ಉಬ್ಬಿ, ಬಿಟ್ಟಾಗ ಕುಗ್ಗಿ, ಬಿರುಕುಬಿಟ್ಟು ಹಿಟ್ಟಿನಂತಾದ ಪುಡಿಯ ಮೂಲಕ. ಅಂಥ ಪುಡಿಯಲ್ಲಿ ಶಾಖ ಸಲೀಸಾಗಿ ಹರಿಯುವುದಿಲ್ಲ. ಮೆಗ್ನೀಸಿಯಮ್‌ನಿಂದ ಬಿಡಿಸಲು ಬೇಕಾಗುವ ಶಾಖವಂತೂ ಆ ಹೈಡ್ರೋಜನ್ ಕೊಡುವ ಶಕ್ತಿಯ ಮೂರನೇ ಒಂದು ಪಾಲಿನಷ್ಟಿದೆ. ಹಾಗಾಗಿಯೇ ಸಂಶೋಧಕರು ಉಕ್ಕಿನ ಗುಂಡುಗಳ ಗಿರಣಿಯಲ್ಲಿ ಮೆಗ್ನೀಸಿಯಮ್ ಅನ್ನು ನಿಕಲ್‌ನೊಡನೆ ಗಂಟೆಗಟ್ಟಲೆ ಅರೆಯುತ್ತಾರೆ, ಶಾಖ ಹರಿಯಲೆಂದು ಪುಡಿಗೆ ಗ್ರಾಫೈಟ್ ಬೆರೆಸುತ್ತಾರೆ, ಅಗ್ಗವಾದ ಟೈಟಾನಿಯಮ್-ಕಬ್ಬಿಣದ ಮಿಶ್ರಲೋಹವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಇದೇ ಶಾಖದ ಗುಣ ಸುರಕ್ಷತೆಗೂ ನೆರವಾಗುತ್ತದೆ: ಕೊಳವೆ ಸೋರಿದರೆ ಅನಿಲ ಹೊರಬರುತ್ತಿದ್ದಂತೆ ಪುಡಿ ತಣ್ಣಗಾಗಿ ಸೋರಿಕೆ ನಿಧಾನವಾಗುತ್ತದೆ.

ಇನ್ನು ಬೋಟಿನ ಮಾತು. ರಸ್ತೆಯ ಮೇಲೆ ಶಾಪವಾಗುವ ತೂಕ ನೀರಿನಲ್ಲಿ ಅಷ್ಟು ಕಾಡುವುದಿಲ್ಲ. ಜರ್ಮನಿಯ ಟೈಪ್ 212 ಜಲಾಂತರ್ಗಾಮಿಗಳು ಇಂಧನಕೋಶಗಳಿಗೆ (ಹೈಡ್ರೋಜನ್‌ನಿಂದ ವಿದ್ಯುತ್ ತಯಾರಿಸುವ ಸಾಧನಗಳಿಗೆ) ಬೇಕಾದ ಹೈಡ್ರೋಜನ್ ಅನ್ನು ಲೋಹ ಹೈಡ್ರೈಡಿನಲ್ಲಿಯೇ ಒಯ್ಯುತ್ತವೆ. ತುಂಬುವಾಗ ತಣಿಸಲು ಸಮುದ್ರದ ನೀರು ಪಕ್ಕದಲ್ಲಿಯೇ ಇದೆ, ಬಿಡಿಸುವಾಗ ಇಂಧನಕೋಶದಿಂದ ಹೊರಬರುವ 60–80 ಡಿಗ್ರಿಯ ಬಿಸಿ ಲ್ಯಾಂಥನಮ್-ನಿಕಲ್‌ಗೆ ಸಾಕು. ಆದರೂ 100 ಲೀಟರ್ ಡೀಸೆಲ್ಲಿನಲ್ಲಿರುವ ಶಕ್ತಿಗೆ ಸುಮಾರು 30 ಕಿಲೋ ಹೈಡ್ರೋಜನ್, ಅಂದರೆ ಎರಡು ಟನ್ನಿಗೂ ಹೆಚ್ಚು ಮಿಶ್ರಲೋಹ ಬೇಕು. ಇಂಧನಕೋಶದ ದಕ್ಷತೆ ಹೆಚ್ಚೆಂದು ಇದರಲ್ಲಿ ಒಂದಿಷ್ಟು ಕಳೆದರೂ, ದಿನಗಟ್ಟಲೆ ಆಳಸಮುದ್ರದಲ್ಲಿರುವ ಟ್ರಾಲ್ ಬೋಟಿಗೆ ಇದು ಹೊಂದುವುದಿಲ್ಲ. ಬೆಳಗ್ಗೆ ಹೋಗಿ ಸಂಜೆಗೆ ದಡ ಸೇರುವ, ರಾತ್ರಿಯಿಡೀ ನಿಧಾನವಾಗಿ ತುಂಬಿಕೊಳ್ಳಲು ಸಮಯವಿರುವ ಸಣ್ಣ ದೋಣಿಗಳಲ್ಲಿ ಇದನ್ನು ಮೊದಲು ಪ್ರಯತ್ನಿಸುವುದು ಸರಿ.