ತಕ್ಕಡಿಗೆ ಹೆಸರು ನೀವೇ ಇಡಿ

ಜನವರಿ ಸಂಜೆ, ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟ. ರೊಬಸ್ಟಾ ಕೊಯ್ಲು ಜೋರಾಗಿತ್ತು, ಗೋಡೌನ್ ಮುಂದೆ ಹೆಂಗಸರು ಹಣ್ಣಿನ ಮೂಟೆ ಇಟ್ಟುಕೊಂಡು ಸಾಲಾಗಿ ನಿಂತಿದ್ದರು. ಒಬ್ಬರು ಮೂಟೆಯನ್ನು ತಕ್ಕಡಿ ಮೇಲೆ ಇಟ್ಟರು. ಸ್ಕ್ರೀನಿನಲ್ಲಿ 50.4. ಇಳಿಸಿದರು. ಆಗಲೂ 50.4.

ಆ ಕಂಪ್ಯೂಟರಿಗೆ ಎರಡು ತಕ್ಕಡಿ ಇವೆ, ಒಂದು ಹಣ್ಣಿಗೆ, ಇನ್ನೊಂದು ಒಳಗೆ ಒಣ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಮೂಟೆ ತೂಗೋದಕ್ಕೆ. ಮಧ್ಯಾಹ್ನ ಕರೆಂಟ್ ಹೋಗಿ ಬಂದಿತ್ತು. ತಕ್ಕಡಿಗಳನ್ನು ಜೋಡಿಸುವ ಯುಎಸ್‌ಬಿ ಸೀರಿಯಲ್ ಕೇಬಲ್‌ಗಳು ಯಾವ ಕ್ರಮದಲ್ಲಿ ಕಣ್ಣಿಗೆ ಬೀಳುತ್ತವೋ ಅದೇ ಕ್ರಮದಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ಅವಕ್ಕೆ ಟಿಟಿವೈ-ಯುಎಸ್‌ಬಿ-0, ಟಿಟಿವೈ-ಯುಎಸ್‌ಬಿ-1 ಅಂತ ಹೆಸರು ಕೊಡುತ್ತದೆ. ಅವತ್ತು ಕ್ರಮ ಅದಲು ಬದಲಾಗಿತ್ತು, ಹಾಗಾಗಿ ಸ್ಕ್ರೀನಿನಲ್ಲಿ ಕಾಣುತ್ತಿದ್ದದ್ದು ಒಳಗೆ ಸುಮ್ನೆ ಕೂತಿದ್ದ ಒಣ ಚೆರಿ ಮೂಟೆಯ ತೂಕ. ಕೂಲಿ ಸಿಗೋದು ಕೊಯ್ದ ಕಿಲೋ ಲೆಕ್ಕದಲ್ಲಿ. ಇಡೀ ದಿನ ಬಿಸಿಲಲ್ಲಿ ದುಡಿದವರ ಲೆಕ್ಕ ತಪ್ಪುವ ಹಾಗೆ ಕಂಪ್ಯೂಟರ್ ಜೋಡಿಸೋದು ಸಣ್ಣ ತಪ್ಪಲ್ಲ.

ಲಿನಕ್ಸ್‌ನಲ್ಲಿ ಇದನ್ನು ಸರಿಮಾಡುವುದು ಯುಡೆವ್, ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ (ಡೀಮನ್). 2003ರಲ್ಲಿ ಬಂತು, 2012ರಿಂದ ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ಜೊತೆಗೇ ಬರುತ್ತದೆ. ಯಾವ ಡಿವೈಸ್‌ಗೆ ಯಾವ ಹೆಸರು ಅಂತ ಯುಡೆವ್‌ಗೆ ಹೇಳುವ ನಮ್ಮ ರೂಲ್ ಫೈಲ್ ಇಡಬೇಕಾದ್ದು ಇಟಿಸಿ ಒಳಗಿನ ಯುಡೆವ್, ಅದರೊಳಗಿನ ರೂಲ್ಸ್-ಡಿ ಫೋಲ್ಡರಿನಲ್ಲಿ. ಹೆಸರು ಡಾಟ್ ರೂಲ್ಸ್ ಅಂತ ಮುಗಿಯದಿದ್ದರೆ ಅದು ಫೈಲನ್ನು ಓದೋದೇ ಇಲ್ಲ.

ಮೊದಲು ಯುಡೆವ್-ಎಡಿಎಂ ಇನ್ಫೋವನ್ನು ಅಟ್ರಿಬ್ಯೂಟ್-ವಾಕ್ ಆಯ್ಕೆ ಜೊತೆ ಓಡಿಸಿ ಡಿವೈಸ್‌ನ ವಂಶಾವಳಿ ನೋಡಿ. ಕೆಳಗೆ ಟಿಟಿವೈ, ಅದರ ಮೇಲೆ ಇಂಟರ್‌ಫೇಸ್, ಅದರ ಮೇಲೆ ಯುಎಸ್‌ಬಿ ಡಿವೈಸ್. ಜಾಸ್ತಿ ಜನ ಎಡವುವುದು ಇಲ್ಲೇ. ಒಂದು ರೂಲ್‌ನಲ್ಲಿ ಡಿವೈಸ್‌ನ ಸ್ವಂತ ಗುಣಗಳ ಜೊತೆ ಒಂದೇ ಒಂದು ಪೇರೆಂಟ್‌ನ (ಮೇಲಿನ ಹಂತದ) ಗುಣ ಸೇರಿಸಬಹುದು. ಇಂಟರ್‌ಫೇಸ್‌ನಿಂದ ಡ್ರೈವರ್ ಹೆಸರು, ಅದರ ಮೇಲಿನ ಡಿವೈಸ್‌ನಿಂದ ವೆಂಡರ್ ಐಡಿ ಅಂತ ಎರಡು ಕಡೆಯಿಂದ ಎತ್ತಿ ಹಾಕಿದರೆ ರೂಲ್ ಮ್ಯಾಚ್ ಆಗಲ್ಲ, ಎರರ್ ಕೂಡ ಬರಲ್ಲ, ನೀವು ರಾತ್ರಿಯೆಲ್ಲ ಕೂತು ಹುಡುಕಬೇಕು. ಹಾಗೇ, ಹೋಲಿಸಲು ಎರಡು ಈಕ್ವಲ್ ಚಿಹ್ನೆ, ಬೆಲೆ ಕೊಡಲು ಒಂದು. ಸಿಮ್‌ಲಿಂಕ್‌ಗೆ, ಅಂದರೆ ಡಿವೈಸ್‌ಗೆ ಕೊಡುವ ಇನ್ನೊಂದು ಹೆಸರಿಗೆ, ಪ್ಲಸ್ ಈಕ್ವಲ್ ಹಾಕಿ, ಇಲ್ಲದಿದ್ದರೆ ಮೊದಲೇ ಇದ್ದ ಲಿಂಕ್‌ಗಳು ಅಳಿಸಿಹೋಗುತ್ತವೆ.

ಕೇಬಲ್‌ಗೆ ಸೀರಿಯಲ್ ನಂಬರ್ ಇದ್ದರೆ ಕೆಲಸ ಸುಲಭ, ಅದನ್ನೇ ಹಿಡಿದು ರೂಲ್ ಬರೆಯಿರಿ. ಆದರೆ ಈ ಎರಡೂ ಅಗ್ಗದ ಸಿಎಚ್340 ಕೇಬಲ್‌ಗಳು. ವೆಂಡರ್ 1ಎ86, ಪ್ರಾಡಕ್ಟ್ 7523, ಎರಡರಲ್ಲೂ ಅದೇ. ಸೀರಿಯಲ್ ನಂಬರ್ ಇಲ್ಲ. ಹಾಗಾಗಿ ಚುಚ್ಚಿದ ಪೋರ್ಟನ್ನೇ ಗುರುತು ಮಾಡಿಕೊಂಡೆ. 1-1.2ರಲ್ಲಿ ಇರುವುದಕ್ಕೆ 'ಹಣ್ಣು', 1-1.3ರಲ್ಲಿ ಇರುವುದಕ್ಕೆ 'ಒಣಚೆರಿ' ಅಂತ ಸಿಮ್‌ಲಿಂಕ್ ಕೊಟ್ಟು, ತೂಕದ ಪ್ರೋಗ್ರಾಂ ಇನ್ನು ಈ ಹೆಸರುಗಳನ್ನೇ ತೆರೆಯುವ ಹಾಗೆ ಮಾಡಿದೆ. ಪೋರ್ಟ್ ಬದಲಾದರೆ ಹೆಸರೂ ಬದಲಾಗುತ್ತದೆ ಅಲ್ವಾ, ಅದಕ್ಕೇ ಹಬ್ ಮೇಲೂ ಕೇಬಲ್ ಮೇಲೂ ಒಂದೇ ಬಣ್ಣದ ಟೇಪ್ ಸುತ್ತಿದೆ. ಹಣ್ಣಿಗೆ ಕೆಂಪು, ಒಣ ಚೆರಿಗೆ ಕಪ್ಪು.

ಪರ್ಮಿಷನ್‌ಗೆ ಎಲ್ಲರಿಗೂ ಬಾಗಿಲು ತೆರೆಯುವ 0666 ಬೇಡ, ಡಯಲ್‌ಔಟ್ ಗ್ರೂಪ್ ಕೊಟ್ಟು, ಆ ಗ್ರೂಪಿನವರಿಗೆ ಮಾತ್ರ ಅವಕಾಶ ಕೊಡುವ 0660 ಸಾಕು. ತಕ್ಕಡಿ ಸಿಕ್ಕಿಸಿದ ಕೂಡಲೇ ತೂಕದ ಪ್ರೋಗ್ರಾಂ ಶುರುವಾಗಲಿ ಅಂತ ಕೆಲವರು ರೂಲ್‌ನ ರನ್ ಸಾಲಿನಲ್ಲಿ ಅದನ್ನೇ ಹಾಕುತ್ತಾರೆ, ಹಾಗೆ ಮಾಡಬೇಡಿ. ಅದು ಚಿಕ್ಕ ಕೆಲಸಗಳಿಗೆ ಮಾತ್ರ. ತುಂಬಾ ಹೊತ್ತು ಓಡುವುದನ್ನು ಯುಡೆವ್ ಕೊಂದುಹಾಕುತ್ತದೆ. ಸಿಸ್ಟಮ್‌ಡಿ ಟ್ಯಾಗ್ ಹಾಕಿ, ಒಂದು ಸರ್ವಿಸ್ ಬರೆದು, ಅದನ್ನು ಕರೆಸಿ.

ರೂಲ್ಸ್ ರೀಲೋಡ್ ಮಾಡಿ, ಟ್ರಿಗರ್ ಕೊಟ್ಟೆ. ಆಮೇಲೆ ತೋಟದ ಲೆಕ್ಕ ಬರೆಯುವ ರೈಟರ್ ಕೈಯಲ್ಲೇ ಎರಡೂ ಕೇಬಲ್ ಕೀಳಿಸಿ, ಅದೇ ಪೋರ್ಟ್‌ಗಳಿಗೆ ಹಿಂದು ಮುಂದಾಗಿ (ಮೊದಲಿನದು ಕೊನೆಗೆ) ಚುಚ್ಚಿಸಿ, ಕಂಪ್ಯೂಟರ್ ಮೂರು ಸಲ ಆಫ್ ಆನ್ ಮಾಡಿಸಿದೆ. ಮೂರು ಸಲವೂ ಹಣ್ಣಿನ ತಕ್ಕಡಿ ಖಾಲಿ ಇದ್ದಾಗ ಸೊನ್ನೆ ತೋರಿಸಿತು. ಆಮೇಲೆ ಸಾಲಲ್ಲಿ ಮೊದಲು ನಿಂತಿದ್ದವರ ಮೂಟೆಯನ್ನು ಮತ್ತೆ ತೂಗಿದೆವು.