ಶೋ (ಪ್ರದರ್ಶನದ) ಮೊಲದಲ್ಲಿ ಹೊಸ ಬಣ್ಣ ತರೋದು ಹೆಂಗೆ: ಲೈಲಾಕ್ ಲೆಕ್ಕ

ಹೊಸ ಬಣ್ಣ ಅಂದ್ರೆ ಯಾರೂ ಕಾಣದ ಬಣ್ಣ ಹುಟ್ಟಿಸೋದಲ್ಲ ಮಾರಾಯ್ರೆ. ಬೇರೆ ಬ್ರೀಡಲ್ಲಿ ಆಗಲೇ ಇರೋ ಜೀನನ್ನ ನಮ್ಮ ಬ್ರೀಡಿನ ಮೈಕಟ್ಟಿಗೆ ತಂದು ಕೂರಿಸೋದು, ಹೆಚ್ಚಿನ ಸಲ ಅಷ್ಟೇ. ಬಣ್ಣ ಬೇಗ ಬರ್ತದೆ, ಹಾಳಾದ ಮೈಕಟ್ಟು ವಾಪಸ್ ತರೋದಕ್ಕೇ ತಲೆಮಾರುಗಟ್ಟಲೆ ಬೇಕು.

ಬಣ್ಣ ಮುಖ್ಯವಾಗಿ ಎ, ಬಿ, ಸಿ, ಡಿ, ಇ ಅಂತ ಐದು ಲೋಕಸ್, ಅಂದ್ರೆ ಜೀನ್ ಕೂರೋ ಜಾಗದ ಮೇಲೆ ನಿಂತಿದೆ. ಎ ಅಂದ್ರೆ ಕೂದಲಲ್ಲಿ ಪಟ್ಟೆ ಉಂಟಾ ಇಲ್ವಾ ಅನ್ನೋದು, ಪಟ್ಟೆ ಇರೋ, ಅಂದ್ರೆ ಅಗೌಟಿ ಮೊಲದ ಬೆನ್ನಿನ ಮೇಲೆ ಉಫ್ ಅಂತ ಊದಿ ನೋಡಿ, ಕೂದಲು ಬಿಚ್ಚಿಕೊಂಡು ಉಂಗುರ ಉಂಗುರ ಕಾಣ್ತದೆ. ಬಿ ಕಪ್ಪಾ ಚಾಕ್ಲೇಟಾ, ಡಿ ಗಾಢವಾ ತೆಳುವಾ, ಇ ಕಪ್ಪು ಎಷ್ಟು ಹರಡ್ತದೆ, ಸಿ ಬಣ್ಣ ಎಷ್ಟು ಪೂರ್ತಿ ಬರ್ತದೆ. ಪ್ರತಿ ಜಾಗದಲ್ಲೂ ಅಪ್ಪಂದೊಂದು ಅಮ್ಮಂದೊಂದು ಅಂತ ಎರಡು ಜೀನ್, ಸಣ್ಣ ಅಕ್ಷರದ್ದು ಒಂದೇ ಇದ್ರೆ ದೊಡ್ಡದರ ಕೆಳಗೆ ಅಡಗಿರ್ತದೆ, ಎರಡೂ ಸಣ್ಣದಾದ್ರೆ ಮಾತ್ರ ಕಾಣ್ತದೆ.

ಈಗ ಲೈಲಾಕ್, ಅಂದ್ರೆ ನಸುಗುಲಾಬಿ ಬೂದು ಬಣ್ಣ. ಸಣ್ಣ ಬಿ (ಚಾಕ್ಲೇಟ್) ಎರಡು, ಸಣ್ಣ ಡಿ (ತೆಳು) ಎರಡು ಸೇರಿದ್ರೆ ಮಾತ್ರ ಬರ್ತದೆ. ನಮ್ಮ ಬ್ರೀಡಲ್ಲಿ ಅಪ್ಪಟ ಕಪ್ಪು ಮಾತ್ರ ಇದೆ ಅಂತ ಇಟ್ಕೊಳ್ಳಿ, ಬೇರೆ ಬ್ರೀಡಿನ ಲೈಲಾಕ್ ಜೊತೆ ಕ್ರಾಸ್ ಮಾಡಿದ್ರೆ ಮೊದಲ ಸೂಲಲ್ಲಿ ಎಲ್ಲಾ ಕಪ್ಪೇ. ಆ ಮರಿಗಳನ್ನ ಒಳಗೊಳಗೇ ಕೂಡಿಸಿದ್ರೆ 16ಕ್ಕೆ 1 ಲೈಲಾಕ್ ಅಂತ ಲೆಕ್ಕ, ಆದ್ರೆ 6 ಮರಿ ಹಾಕೋ ಸೂಲು ತಗೊಂಡ್ರೆ 100ರಲ್ಲಿ ಸುಮಾರು 68 ಸೂಲಲ್ಲಿ ಒಂದೂ ಲೈಲಾಕ್ ಇರಲ್ಲ. ವಾಪಸ್ ಲೈಲಾಕ್‌ಗೇ ಕೂಡಿಸಿದ್ರೆ 4ಕ್ಕೆ 1, ಖಾಲಿ ಹೋಗೋದು 18 ಸೂಲು ಮಾತ್ರ. ಖುಷಿ ಆಗ್ತದೆ ಹೌದು, ಆದ್ರೆ ಆ ಮರಿಗಳಲ್ಲಿ ಮುಕ್ಕಾಲು ಭಾಗ ಹೊರಗಿನ ರಕ್ತ, ತಲೆ ಉದ್ದ, ಕಿವಿ ಉದ್ದ, ಶೋಗೆ ಎಂತಕ್ಕೂ ಬರಲ್ಲ.

ಹಂಗಾಗಿ ನನ್ನ ಪ್ರಕಾರ ಮೊದಲ ಸೂಲಿನ ಕಪ್ಪು ಮರಿಗಳನ್ನ ನಮ್ಮ ಬೆಸ್ಟ್ ಕಪ್ಪು ಮೊಲಗಳಿಗೇ ಕೂಡಿಸ್ಬೇಕು. ಆಗ ಹುಟ್ಟೋದೆಲ್ಲಾ ಕಪ್ಪೇ, ಎರಡೂ ಜೀನ್ ಹೊತ್ತಿರೋದು 4ಕ್ಕೆ 1, ಕಣ್ಣಿಗೆ ಗೊತ್ತಾಗಲ್ಲ. ಕಂಡುಹಿಡಿಯೋಕೆ ಲೈಲಾಕ್ ಜೊತೆ ಟೆಸ್ಟ್ ಮೇಟಿಂಗ್: ನೀಲಿ (ತೆಳುವಾದ ಕಪ್ಪು) ಮರಿ ಬಂದ್ರೆ ಸಣ್ಣ ಡಿ ಉಂಟು, ಚಾಕ್ಲೇಟ್ ಬಂದ್ರೆ ಸಣ್ಣ ಬಿ ಉಂಟು, ಲೈಲಾಕೇ ಬಂದ್ರೆ ಎರಡೂ. 7 ಮರಿನೂ ಕಪ್ಪೇ ಆದ್ರೆ ಟೆಸ್ಟ್ ಮಾಡಿದ ಆ ಕಪ್ಪು ಮೊಲದಲ್ಲಿ ಸಣ್ಣ ಬಿ ಅಡಗಿರೋ ಚಾನ್ಸ್ 1 ಪರ್ಸೆಂಟಿಗಿಂತ ಕಮ್ಮಿ, ಸಣ್ಣ ಡಿ ಲೆಕ್ಕಾನೂ ಹಂಗೇ. ಎರಡೂ ಜೀನ್ ಇರೋ ಕಪ್ಪು ಮೊಲಗಳನ್ನೇ ಮುಂದಕ್ಕೆ ಇಟ್ಕೊಳ್ಳಿ, ಆ ಟೆಸ್ಟ್ ಮರಿಗಳನ್ನ ಲೈನಿಗೆ ಸೇರಿಸ್ಬೇಡಿ.

ನ್ಯೂಜಿಲ್ಯಾಂಡ್ ವೈಟ್ ಅನ್ನೋ ಬಿಳಿ ಮೊಲ ಸುಲಭಕ್ಕೆ ಸಿಗ್ತದೆ ಅಂತ ಮಧ್ಯೆ ತೂರಿಸೋದೂ ಬೇಡ. ಕೆಂಪು ಕಣ್ಣಿನ ಬಿಳಿ ಅಂದ್ರೆ ಸಣ್ಣ ಸಿ ಎರಡು, ಅದು ಕೆಳಗಿರೋ ಬಣ್ಣ ಎಲ್ಲಾ ಮುಚ್ಚಿಹಾಕ್ತದೆ, ಎಷ್ಟೋ ತಲೆಮಾರು ಕಳೆದ ಮೇಲೆ ಏಕಾಏಕಿ ಬಿಳಿ ಮರಿ ಬೀಳ್ತದೆ.

ನಮ್ಮ ಕಡೆಯವರು ಹಿಮಾಲಯನ್ ಬಣ್ಣ (ಮೈ ಬಿಳಿ, ತುದಿಗಳು ಮಾತ್ರ ಕಪ್ಪು) ಹಿಡ್ಕೊಂಡ್ರೆ ಇನ್ನೊಂದು ತಲೆಬಿಸಿ. ಅದೂ ಸಿ ಲೋಕಸ್‌ದೇ, ಆ ಜೀನ್ ಮಾಡೋ, ಬಣ್ಣ ತಯಾರಿಸೋ ಟೈರೋಸಿನೇಸ್ ಎಂಜೈಮ್ ಚರ್ಮ ತಣ್ಣಗಿರೋ ಜಾಗದಲ್ಲಿ, ಅಂದ್ರೆ ಮೂಗು, ಕಿವಿ, ಕಾಲು, ಬಾಲದಲ್ಲಿ ಮಾತ್ರ ಸರಿ ಕೆಲಸ ಮಾಡ್ತದೆ. ಕಾರವಾರದ ಮೇ ಸೆಕೆಯಲ್ಲಿ ಬೆಳೆದ ಮೊಲಕ್ಕೆ ಮೂಗು ಕಿವಿ ಮಾಸಲು ಬರಬಹುದು, ಅದರ ಒಡಹುಟ್ಟಿದ್ದೇ ಶಿರಸಿಯ ಚಳಿಯಲ್ಲಿ ಬೆಳೆದ್ರೆ ಕಪ್ಪು ಗಟ್ಟಿ. ಗೂಡಿಂದ ಹೊರಗೆ ಬಿದ್ದು ತಣ್ಣಗಾದ ಮರಿಯ ಮೈಮೇಲೆ ಬೂದಿ ಛಾಯೆ ಕೂತ್ಕೊಳ್ತದೆ, ಕೂದಲು ಉದುರಿ ಹೊಸದು ಬಂದಾಗ ಹೋಗ್ತದೆ. ಬೇಸಿಗೆ ಕೋಟ್ ನೋಡಿ ಇದು ಬೇಡ ಅಂತ ತೆಗೆದುಹಾಕ್ಬೇಡಿ. 30 ಡಿಗ್ರಿ ದಾಟಿದ ಸೆಕೆ ಸುಮಾರು ದಿನ ಹಿಡಿದ್ರೆ ಗಂಡಿನ ಫಲವತ್ತತೆನೂ ಬೀಳ್ತದೆ, ಕರಾವಳಿಯವರು ಟೆಸ್ಟ್ ಮೇಟಿಂಗ್ ಎಲ್ಲಾ ಚಳಿಗಾಲಕ್ಕೇ ಇಟ್ಕೊಳ್ಳಿ.

ಅಮೆರಿಕದ ಮೊಲ ಸಾಕಣೆದಾರರ ಸಂಘ ಎಆರ್‌ಬಿಎ ನಿಯಮದಲ್ಲಿ ಹೊಸ ವೆರೈಟಿಗೆ (ಬ್ರೀಡಿನೊಳಗಿನ ಹೊಸ ಬಣ್ಣಕ್ಕೆ) ಮೊದಲು ಸರ್ಟಿಫಿಕೇಟ್ ಆಫ್ ಡೆವಲಪ್‌ಮೆಂಟ್, ಅಂದ್ರೆ ಅದನ್ನ ಬೆಳೆಸೋಕೆ ಅನುಮತಿ ಪತ್ರ ತಗೋಬೇಕು, ಆಮೇಲೆ ವರ್ಷಕ್ಕೊಂದು ನಡೆಯೋ ಕನ್ವೆನ್ಷನ್‌ನಲ್ಲಿ ತೋರಿಸಿ ಮೂರು ಸಲ ಪಾಸ್ ಆಗ್ಬೇಕು. ಬುಡದ ಕೂದಲಿನ ಬಣ್ಣ, ಕಣ್ಣು, ಉಗುರು ಎಲ್ಲಾ ನೋಡ್ತಾರೆ, ಕಪ್ಪು ಮೊಲಕ್ಕೆ ಒಂದೇ ಒಂದು ಉಗುರು ಬಿಳಿ ಇದ್ರೂ ಔಟ್.