ಆನೆ ಪೈಸೆ ತೋರಿಸುವ ಮುನ್ನ

ಟಿಪ್ಪು ಕಾಲದ ಆನೆ ಪೈಸೆ (ಆನೆಯ ಚಿತ್ರವಿರುವ ತಾಮ್ರದ ನಾಣ್ಯ) ಕೈಸೇರಿದೊಡನೆ ಹುಣಸೆಹಣ್ಣು ಹಚ್ಚಿ ತಿಕ್ಕುವವರು ಈಗಲೂ ಇದ್ದಾರೆ. ದೇವರ ಮನೆಯ ತಂಬಿಗೆಗೆ ಅದು ಸರಿ. ಇನ್ನೂರು ವರ್ಷ ಕೂತ ಕಂದು ಪದರವನ್ನು ಹುಳಿ ತಿಂದರೆ ಉಳಿಯುವುದು ಬೋಳು ತಾಮ್ರ. ಬೆಲೆಯೂ ಅದರ ಜೊತೆಗೇ ಹೋಗುತ್ತದೆ. ಮಣ್ಣಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದೆರಡು ದಿನ ನೆನೆಸಿ, ಬಿದಿರು ಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಲೋಹದ ಸೂಜಿ ಬೇಡ.

ಆಮೇಲೆ ತೂಕ. 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಸಾಕು. ಜೋಹ್ರಾ ಎಂಬ ಪೈಸೆ ಸುಮಾರು 11 ಗ್ರಾಂ, ಎರಡು ಪೈಸೆಯ ನಾಣ್ಯ ಅದರ ದುಪ್ಪಟ್ಟು. ಸವೆತವೇ ಕಾಣದ ಪೈಸೆ 9 ಗ್ರಾಂ ತೂಗಿದರೆ ಅಂಚನ್ನು ಲೆನ್ಸ್‌ನಲ್ಲಿ ನೋಡಿ: ಸುತ್ತಲೂ ಬೆಸುಗೆಯಂಥ ಗೆರೆ, ಮೇಲ್ಮೈಯಲ್ಲಿ ಗಾಳಿಗುಳ್ಳೆಯ ಸಣ್ಣ ಕುಳಿ, ಸೋಪಿನಂತೆ ನುಣುಪಾದ ಅಕ್ಷರ. ಇವೆಲ್ಲ ಎರಕದ ನಕಲಿನ ಗುರುತು. ಆದರೆ ಆನೆಯ ಸೊಂಡಿಲೋ ಚುಕ್ಕೆಗಳ ಅಂಚೋ ಅರ್ಧ ತಪ್ಪಿದ್ದರೆ ಗಾಬರಿಯಾಗಬೇಡಿ. ಕೈಯಿಂದ ಅಚ್ಚು ಹೊಡೆದ ನಾಣ್ಯದಲ್ಲಿ ಅದು ಮಾಮೂಲು.

ಹೆಚ್ಚಿನವರು ಎಡವುವುದು ಇಸವಿಯಲ್ಲಿ. ಮೊದಲಿನ ಪೈಸೆಗಳಲ್ಲಿ ಹಿಜರಿ ವರ್ಷ, ಅಂಕಿ ಎಡದಿಂದ ಬಲಕ್ಕೆ. ಆಮೇಲೆ ಟಿಪ್ಪು ತಂದ ಮೌಲೂದಿ ಶಕೆಯಲ್ಲಿ (ನಾಣ್ಯಗಳಲ್ಲಿ ಅದು 1215ರಿಂದ ಶುರು) ಅಂಕಿಗಳು ಬಲದಿಂದ ಎಡಕ್ಕೆ. ಹಾಗಾಗಿ 6221 ಎಂದು ಕಂಡದ್ದು 1226. ಅದಕ್ಕೆ 572 ಕೂಡಿಸಿದರೆ 1798, ಅಂದರೆ ಕ್ರಿ.ಶ. 1798-99. (1221 ಮಾತ್ರ ಯಾವ ಕಡೆಯಿಂದ ಓದಿದರೂ 1221, ಅದೊಂದು ಸಮಾಧಾನ.) ಆನೆಯ ಮೇಲೆ ಸೂರ್ಯ, ಚಂದ್ರ, ನಡುವೆ ಕನ್ನಡದ ‘ಶ್ರೀ’ ಇದ್ದರೆ ಅದು ಟಿಪ್ಪುವಿನದಲ್ಲ, ಮುಮ್ಮಡಿ ಕೃಷ್ಣರಾಜ ಒಡೆಯರದು.

ಹಿಂಬದಿಯ ಫಾರ್ಸಿಯಲ್ಲಿ ಟಂಕಸಾಲೆ ಹುಡುಕಿ. ಪಟ್ಟಣ ಎಂದರೆ ಶ್ರೀರಂಗಪಟ್ಟಣ, ಫೈಜ್ ಹಿಸಾರ್ ಎಂದರೆ ಗುತ್ತಿ, ಫರೂಖ್‌ಯಾಬ್ ಹಿಸಾರ್ ಎಂದರೆ ಚಿತ್ರದುರ್ಗ. ಪಟ್ಟಣದ್ದು ಧಾರಾಳ ಸಿಗುತ್ತದೆ. ಬೇರೆ ಊರಿನ ಹೆಸರು ಓದಿದಂತೆ ಅನ್ನಿಸಿದರೆ ಇನ್ನೊಬ್ಬರಿಗೆ ತೋರಿಸದೆ ದರ ಕಟ್ಟಬೇಡಿ.

ಬಲ್ಲವರಿಗೆ ತೋರಿಸುವ ಫೋಟೋಗೆ ಫ್ಲ್ಯಾಶ್ ಬೇಡ. ಕಿಟಕಿ ಬೆಳಕು ಒಂದೇ ಪಕ್ಕದಿಂದ ಓರೆಯಾಗಿ ಬೀಳಲಿ, ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಎರಡೂ ಮುಖ, ಅಂಚು, ಪಕ್ಕದಲ್ಲಿ ಮಿಲಿಮೀಟರ್ ಸ್ಕೇಲು, ಜೊತೆಗೆ ತೂಕ: ಇಷ್ಟಿದ್ದರೆ ನೋಡಿದವರು ಊಹಿಸಬೇಕಿಲ್ಲ, ಹೇಳಬಹುದು.

ಇಡುವುದಕ್ಕೆ ಮೆತ್ತನೆಯ ಪಿವಿಸಿ ಕವರು ಆಗದು. ಕೆಲವೇ ವರ್ಷದಲ್ಲಿ ಹಸಿರು ಅಂಟು ಬಿಡುತ್ತದೆ. ಮೈಲಾರ್ (ಪಾಲಿಯೆಸ್ಟರ್ ಹಾಳೆಯ) ಹೋಲ್ಡರ್ ಒಳ್ಳೆಯದು. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಸಾಮಾನ್ಯ ಕಿಲುಬಲ್ಲ, ತಾಮ್ರವನ್ನು ಒಳಗೇ ಕೊರೆಯುವ ಕ್ಲೋರೈಡ್. ಅಂಥದ್ದನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬೇರೆ ಡಬ್ಬಿಯಲ್ಲಿಡಿ.